ಒಂದು ಕಡ್ಡಿಯೂ ಹೊರಗೆ ಹೋಗಬಾರದು

6 ಜನವರಿ 2025, ಸೋಮವಾರ

ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಹೊಸನಗರದ ಹೆಂಗಸರ ಎದೆ, ಸೊಂಟ, ತೋಳಿನ ಅಳತೆ. ಹಿಂದಿನಿಂದ ನನ್ನ ತಲೆಬಿಸಿ. ಎರಡೂ ಬೇರೆಯವರು ಓದುವಂಥದ್ದಲ್ಲ.

ಇವತ್ತು ಕುಮಾರ ಅಂತ ಒಬ್ಬ ಬಂದಿದ್ದ. ಮಾಸ್ತಿಕಟ್ಟೆ ಕಡೆಯವನು. ಮೊನ್ನೆ ಮೊನ್ನೆವರೆಗೆ ಗಾರೆ ಕೆಲಸದ ಮೇಸ್ತ್ರಿ, ಈಗ ಬಿಲ್ಡರ್ ಆಗಿದ್ದಾನಂತೆ. ಕಂಕುಳಲ್ಲಿ ಸುತ್ತಿದ ನಕ್ಷೆ. ವಾಸಪ್ಪನವರ ಮುಚ್ಚಿದ ಅಕ್ಕಿ ಗಿರಣಿಯ ಮುಂದೆ ಭತ್ತ ಒಣಗಿಸುವ ಕಣ ಇದೆಯಲ್ಲ, ಬಸ್‌ಸ್ಟ್ಯಾಂಡಿಗೆ ಅಂಟಿಕೊಂಡೇ, ಅಲ್ಲಿ ಕಟ್ಟಡ ಕಟ್ಟುತ್ತಾನಂತೆ. ಕೆಳಗೆ ಆರು ಅಂಗಡಿ, ಗಿರಣಿ ಜಗಲಿಯ ಮೇಲೆ ಕೂತು ವ್ಯಾಪಾರ ಮಾಡುವ ನಮ್ಮ ಆರು ಜನಕ್ಕೆ. ಮೇಲೆ ಎಂಟು ಕೋಣೆ, ಬಸ್ಸಲ್ಲಿ ಓಡಾಡಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ, ಕಡಿಮೆ ಬಾಡಿಗೆಗೆ. ಪಕ್ಕದಲ್ಲಿ ಹೆಂಗಸರಿಗೆ ಶೌಚಾಲಯ. ಹದಿನೈದು ವರ್ಷ ಬಾಡಿಗೆ ಏರಿಸುವುದಿಲ್ಲವಂತೆ.

"ಯಾಕೆ?" ಎಂದು ಕೇಳಿದೆ.

"ಯಾಕೆ ಅಂದ್ರೆ?"

"ಯಾಕೆ ಏರ್ಸಲ್ಲ? ನಿಮಗೆ ಹುಚ್ಚಾ?"

ಅವನು ನಕ್ಕ. ನನಗೆ ನಗು ಬರಲಿಲ್ಲ. ಹನ್ನೆರಡು ವರ್ಷದ ಹಿಂದೆ ಇನ್ನೊಬ್ಬ ಹೀಗೆಯೇ ಬಂದಿದ್ದ. ಕಾಂಪ್ಲೆಕ್ಸ್ ಏಳಲಿ, ಮೊದಲ ಅಂಗಡಿ ನಿಮ್ಮದೇ ಹೇಮಾವತಿಯಮ್ಮ ಎಂದು ಹೇಳಿ ನಮ್ಮ ಗೂಡಂಗಡಿಗಳನ್ನು ಕೀಳಿಸಿದ. ಕಾಂಪ್ಲೆಕ್ಸ್ ಎದ್ದಿತು. ಮೊದಲ ಅಂಗಡಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ. ನಾನು ಹೊಲಿಗೆ ಮಿಷನ್ ಹೊತ್ತುಕೊಂಡು ಈ ಜಗಲಿಗೆ ಬಂದೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಉಳಿದ ಐವರು ಊದದೆ ಕುಡಿದಿದ್ದಾರೆ, ಅಂದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ. ನಾನು ಹಾಕಲಿಲ್ಲ.

9 ಜನವರಿ, ಗುರುವಾರ

ಕುಮಾರನ ಹಿಂದೆ ಯಾರಿದ್ದಾರೆ ಎನ್ನುವುದು ಗೊತ್ತಾಯಿತು. ಶರಾವತಿ ಅಂತ ಸಾಗರದ ಹುಡುಗಿ, ಒಂದು ಸಂಸ್ಥೆಯಲ್ಲಿ ಕೆಲಸ. ಸಣ್ಣ ಊರಿನ ಸಣ್ಣ ಬಿಲ್ಡರುಗಳಿಗೆ ನಕ್ಷೆ, ಕಾಗದಪತ್ರ, ಬ್ಯಾಂಕು ಇವುಗಳಲ್ಲಿ ಕೈಹಿಡಿಯುವುದು ಅವರ ಕೆಲಸವಂತೆ. ಬಸ್‌ಸ್ಟ್ಯಾಂಡಿನ ಪಕ್ಕದ ಜಾಗವೆಲ್ಲ ದೊಡ್ಡವರ ಪಾಲಾಗುತ್ತಿದೆ, ಬಸ್ಸನ್ನೇ ನಂಬಿ ಬದುಕುವವರಿಗೂ ಅದರಲ್ಲಿ ಪಾಲು ಬೇಕು ಎಂದಳು. ಮಾತು ಚೆನ್ನಾಗಿತ್ತು. ಚೆನ್ನಾಗಿ ಮಾತಾಡುವವರನ್ನು ಕಂಡರೆ ನಾನು ಮೊದಲು ಪರ್ಸ್ ಮುಟ್ಟಿ ನೋಡಿಕೊಳ್ಳುತ್ತೇನೆ.

ನಡುವೆ ಅವಳಿಗೆ ಮನೆಯಿಂದ ಫೋನು ಬಂತು. "ಇಲ್ಲೆ ಅಮ್ಮ, ಕೆಲ್ಸ ಇನ್ನೂ ಇದ್ದು. ಐದರ ಬಸ್ಸಿಗೆ ಬತ್ತೆ" ಎಂದಳು. ಕಾರಿಲ್ಲ, ಬಸ್ಸಲ್ಲೇ ಬರುತ್ತಾಳೆ. ಇದೂ ಒಂದು ನಾಟಕವಿರಬಹುದು.

"ನೀವು ಸಹಿ ಹಾಕದಿದ್ರೆ ಈ ಕೆಲಸ ಆಗೋದಿಲ್ಲ. ಆರೂ ಜನ ಒಪ್ಪಬೇಕು ಅಂತ ನಮ್ಮ ನಿಯಮ" ಎಂದಳು.

ನಕ್ಷೆ ಬಿಚ್ಚಿಸಿದೆ. ಆರೂ ಅಂಗಡಿಯ ಬಾಗಿಲು ದೊಡ್ಡ ರಸ್ತೆಗೆ. ಸಿಕ್ಕಿಬಿದ್ದರು ಅನ್ನಿಸಿತು.

"ನನ್ನ ಹತ್ರ ಬರೋರು ಯಾರು ಗೊತ್ತಾ? ಶಿವಮೊಗ್ಗದ ಬಸ್ಸಿಗೆ ಹತ್ತು ನಿಮಿಷ ಇರೋವಾಗ ಬ್ಯಾಗಿನ ಜಿಪ್ ಕಿತ್ಕೊಂಡೋರು. ಅವರಿಗೆ ಇಲ್ಲಿ ಕೂತಲ್ಲಿಂದ ಬಸ್ಸಿನ ಬೋರ್ಡ್ ಕಾಣಬೇಕು. ಕಾಣದಿದ್ರೆ ಒಬ್ಬರೂ ಒಳಗೆ ಕಾಲಿಡಲ್ಲ. ಜಟ್ಟಿಂಗಪ್ಪನ ಚಾ ಅಂಗ್ಡಿಗೂ ಅಷ್ಟೆ, ಕನ್ನಮ್ಮನ ಹೂವಿಗೂ ಅಷ್ಟೆ. ನೀವು ಕಟ್ಟಿರೋದು ಕಾರಲ್ಲಿ ಬರೋರಿಗೆ."

ಕುಮಾರ ನಕ್ಷೆ ಸುತ್ತಿಕೊಂಡು ಹೋದ. ಅಲ್ಲಿಗೆ ಒಂದು ಪೀಡೆ ತೊಲಗಿತು.

21 ಜನವರಿ, ಮಂಗಳವಾರ

ತೊಲಗಲಿಲ್ಲ. ನಕ್ಷೆಯನ್ನು ತಿರುಗಿಸಿ ತಂದಿದ್ದಾನೆ. ಆರೂ ಬಾಗಿಲು ಈಗ ಬಸ್ಸು ನಿಲ್ಲುವ ಕಡೆಗೆ. ಮುಂದೆ ನಾಲ್ಕಡಿ ಜಗಲಿ, ಕಾಯುವವರು ಕೂರಲು. ಒಬ್ಬ ಬಿಲ್ಡರ್ ದರ್ಜಿಯ ಮಾತು ಕೇಳಿ ನಕ್ಷೆ ಬದಲಿಸುತ್ತಾನೆ ಎಂದರೆ ಯಾರಾದರೂ ನಂಬಬೇಕಲ್ಲ. ರಸ್ತೆಯ ಕಡೆಯ ಗೋಡೆಯನ್ನು ಬೇರೆ ಏನಕ್ಕೋ ಇಟ್ಟುಕೊಂಡಿರಬೇಕು.

ನಾನೂ ಒಂದು ಷರತ್ತು ಹಾಕಿದೆ. ಸಿಮೆಂಟು, ಕಂಬಿ ಇಡುವ ಗೋಡೌನಿನ ಕೀಲಿ ನನ್ನ ಹತ್ತಿರ ಇರಬೇಕು ಎಂದೆ. ಆಗುವುದಿಲ್ಲ ಎನ್ನುತ್ತಾರೆ, ಅದೇ ನೆಪದಲ್ಲಿ ಬಿಟ್ಟುಬಿಡಬಹುದು ಎಂದುಕೊಂಡಿದ್ದೆ. ಶರಾವತಿ ಒಂದು ಕ್ಷಣವೂ ಯೋಚಿಸಲಿಲ್ಲ. "ನಿಮ್ಮಷ್ಟು ಅನುಮಾನ ಪಡೋರು ಈ ಜಗಲೀಲಿ ಯಾರೂ ಇಲ್ಲ ಅಕ್ಕ. ಉಸ್ತುವಾರಿ ನೀವೇ ಮಾಡಿ" ಎಂದಳು.

ಸಹಿ ಹಾಕಬೇಕಾಯಿತು. ಚೀಟಿ ಎತ್ತಿದೆವು. ನನಗೆ ಮೂರನೆಯ ಅಂಗಡಿ, ಕನ್ನಮ್ಮನಿಗೆ ಮೂಲೆಯ ಆರನೆಯದು. ವಾಸಪ್ಪನವರೂ ಬಂದು ತಮ್ಮ ಮಾತನ್ನು ಕಾಗದದಲ್ಲಿ ಬರೆಸಿದರು: ಮಳೆ ಹಿಡಿಯುವುದರೊಳಗೆ ಕೆಳಗಿನ ಅಂಗಡಿಗಳ ತಾರಸಿ ಹಾಕಿ ಮುಗಿಸಬೇಕು, ಇಲ್ಲದಿದ್ದರೆ ಜಾಗ ವಾಪಸ್. ಶಿವಮೊಗ್ಗದ ದೊಡ್ಡ ಪಾರ್ಟಿಯೊಂದು ಲಾಡ್ಜ್ ಕಟ್ಟಲು ಅವರ ಬೆನ್ನು ಬಿದ್ದಿದೆಯಂತೆ.

ಮಗಳಿಗೆ ತೀರ್ಥಹಳ್ಳಿಗೆ ಫೋನು ಮಾಡಿ ಹೇಳಿದೆ. "ಅಮ್ಮ, ನಿಂಗೆ ಈ ಪ್ರಪಂಚದಲ್ಲಿ ಯಾರ ಮೇಲಾದ್ರೂ ನಂಬಿಕೆ ಇದ್ಯಾ?" ಎಂದಳು. ಹೊಲಿಗೆ ಮಿಷನ್ ಮೇಲೆ ಇದೆ ಎಂದೆ.

5 ಫೆಬ್ರವರಿ, ಬುಧವಾರ

ಕಣದಲ್ಲಿ ಸುಣ್ಣದ ಪುಡಿ ಹಾಕಿ ಗೋಡೆಯ ಗುರುತು ಮಾಡಿದರು. ಅವರು ಊಟಕ್ಕೆ ಹೋದಾಗ ನಾನು ಟೇಪು ಹಿಡಿದು ಇಳಿದೆ. ಎಂಟಡಿ ಅಗಲ ಎಂದು ಬರೆದುಕೊಟ್ಟ ಅಂಗಡಿ ಏಳು ಅಡಿ ನಾಲ್ಕಿಂಚು! ಆರಕ್ಕೆ ಆರೂ ಹಾಗೇ.

ಕುಮಾರ ಕೈ ತೊಳೆದುಕೊಂಡು ಬರುವುದನ್ನೇ ಕಾದು ಹಿಡಿದೆ.

"ಅದು ಗೋಡೆಯ ಮಧ್ಯದಿಂದ ಮಧ್ಯಕ್ಕೆ ಎಂಟಡಿ ಅಕ್ಕ. ನಮ್ಮ ಕೆಲ್ಸದಲ್ಲಿ ಅಳತೆ ಹಾಗೇ ಹಿಡಿಯೋದು."

"ನಾನು ಬ್ಲೌಸಿಗೆ ಅಳತೆ ತಗೊಳ್ಳೋವಾಗ ಬಟ್ಟೆ ದಪ್ಪಾನ ಹೆಂಗಸರ ಮೈಯಿಂದ ಕಳೀತೀನಾ? ಒಳಗೆ ಕೂರೋದು ನಾನು, ಗೋಡೆ ಅಲ್ಲ."

ಕೆಲಸದವರೆಲ್ಲ ನಕ್ಕರು. ಕುಮಾರ ಟೇಪು ಕಿತ್ತುಕೊಂಡು ತಾನೇ ಅಳೆದ. ಸಂಜೆ ಬಂದು, ಪಿಲ್ಲರ್ ಇರುವುದರಿಂದ ನಡುವಿನ ಗೋಡೆ ನಾಲ್ಕಿಂಚಿನದು ಸಾಕು, ಏಳು ಅಡಿ ಎಂಟಿಂಚು ಸಿಗುತ್ತದೆ ಎಂದ. ನಾಲ್ಕಿಂಚು ಬಾಯಿಂದಲೇ ಗೆದ್ದೆ. ಆದರೆ ಕೇಳಿದ ಕೂಡಲೇ ಗೋಡೆ ತೆಳ್ಳಗೆ ಮಾಡುವವನು ಕೇಳದೆ ಇನ್ನೇನೇನು ತೆಳ್ಳಗೆ ಮಾಡುತ್ತಾನೋ.

13 ಫೆಬ್ರವರಿ, ಗುರುವಾರ

ಸುರೇಂದ್ರ ಎಂಬವನು ಎರಡು ಶರಟಿಗೆ ಗುಂಡಿ ಹಾಕಿಸಿಕೊಳ್ಳಲು ಬಂದಿದ್ದ. ಈ ತಿಂಗಳಲ್ಲಿ ಇದು ನಾಲ್ಕನೆಯ ಸಲ. ಯಾವ ಗಂಡಸಿನ ಗುಂಡಿಯೂ ಇಷ್ಟು ಕಿತ್ತುಹೋಗುವುದಿಲ್ಲ. ಗುಂಡಿ ಹಾಕುವವರೆಗೂ ಕೆಲಸ ಎಲ್ಲಿಗೆ ಬಂತು, ಕುಮಾರ ಹೇಗೆ ಎಂದು ಕೇಳುತ್ತಾನೆ. ಅವನು ಶಿವಮೊಗ್ಗದ ಪಾರ್ಟಿಯ ಕಡೆಯವನೆಂದು ಜಟ್ಟಿಂಗಪ್ಪ ಹೇಳಿದ. ಗೊತ್ತಿದ್ದೂ ಒಂದೆರಡು ಮಾತು ಹೇಳಿದೆ. ಕುಮಾರನನ್ನು ಬೈಯಲು ನನಗೂ ಒಬ್ಬ ಕೇಳುವವನು ಬೇಕಿತ್ತು.

18 ಮಾರ್ಚ್, ಮಂಗಳವಾರ

ಕುಮಾರನ ಕಟ್ಟಡಕ್ಕೆ ಹದಿನಾಲ್ಕು ಪಿಲ್ಲರ್. ಒಂದೊಂದರೊಳಗೆ ಆರು ಕಂಬಿ. ನಾನು ಮೂರು ದಿನ ಕೂತು ಗುಣಿಸಿದೆ. ಲಾರಿಯಲ್ಲಿ ಬಂದ ಕಂಬಿ ನಲವತ್ತಡಿಯವು. ಗೋಡೌನಿನಲ್ಲಿ ಉಳಿದದ್ದನ್ನು ಎಣಿಸಿದೆ, ನಿಂತಿರುವುದನ್ನು ಟೇಪಿನಲ್ಲಿ ಅಳೆದೆ, ಅಡಿಯಲ್ಲಿ ಹಾಸಿದ್ದನ್ನೂ ಸೇರಿಸಿದೆ. ಎಷ್ಟು ಸಲ ಕೂಡಿಸಿದರೂ ಆರು ಕಂಬಿ ಕಾಣೆ.

ಕೀಲಿ ನನ್ನ ಸೊಂಟದಲ್ಲಿದೆ. ಬೆಳಿಗ್ಗೆ ಅವರಿಗೆ ತೆಗೆದುಕೊಡುವವಳು ನಾನೇ. ತೆಗೆದುಕೊಟ್ಟ ಮೇಲೆ ಹೊಲಿಗೆಗೆ ಕೂರುತ್ತೇನೆ, ಆಗ ಏನಾಗುತ್ತದೆ ಎಂದು ಯಾರಿಗೆ ಗೊತ್ತು.

ಜಟ್ಟಿಂಗಪ್ಪ ಚಾ ಕೊಡುತ್ತಾ, "ಮಾಸ್ತಿಕಟ್ಟೇಲಿ ಅವನ ಭಾವನ ಮನೆ ಏಳ್ತಾ ಉಂಟಂತೆ ಮಾರಾಯ್ತಿ. ನಾನೇನೂ ಹೇಳಲ್ಲ" ಎಂದ. ಏನೂ ಹೇಳುವುದಿಲ್ಲ ಎಂದವನು ಅದನ್ನೇ ಮೂರು ಸಲ ಹೇಳಿದ.

ಸಹಿ ಹಾಕಿದ ಕೈಯನ್ನು ಕತ್ತರಿಸಿಕೊಳ್ಳುವಷ್ಟು ಸಿಟ್ಟು.

4 ಏಪ್ರಿಲ್, ಶುಕ್ರವಾರ

ಯಾರಿಗೂ ಹೇಳದೆ ಚೌಡಿಬನಕ್ಕೆ ಹೋಗಿ ಬಂದೆ. ನಮ್ಮಲ್ಲಿ ಕಳ್ಳತನವಾದರೆ ಪೊಲೀಸರ ಹತ್ತಿರ ಹೋಗುವವರು ಕಡಿಮೆ, ಚೌಡಮ್ಮನಿಗೆ ದೂರು ಕೊಡುವವರು ಹೆಚ್ಚು. ಕೆಂಪು ಬಟ್ಟೆಯಲ್ಲಿ ತೆಂಗಿನಕಾಯಿ ಕಟ್ಟಿ ಕಲ್ಲಿನ ಮುಂದೆ ಇಟ್ಟೆ. ದೇವಿಯ ಪರವಾಗಿ ಮಾತಾಡುವ ಪಾತ್ರಿ ಏನು ದೂರು ಎಂದು ಕೇಳಿದರು. "ಆ ಕಣದಿಂದ ಒಂದು ಕಡ್ಡಿ ಹೊರಗೆ ಹೋದ್ರೂ ತಾಯಿ ನೀನೇ ನೋಡ್ಕೊ" ಎಂದೆ. ಯಾರ ಮೇಲೆ ಅನುಮಾನ ಎಂದಾಗ ಕುಮಾರನ ಹೆಸರು ಹೇಳಿದೆ. ಅದು ಪಾತ್ರಿಗೂ ದೇವಿಗೂ ನನಗೂ ಮಾತ್ರ ಗೊತ್ತು.

ಬರುವಾಗ ತಗಡಿನ ಬೋರ್ಡು ಬರೆಸಿ ಗೇಟಿಗೆ ಕಟ್ಟಿದೆ. 'ಈ ಜಾಗ ಚೌಡಮ್ಮನ ಕಾವಲಿನಲ್ಲಿದೆ.' ಹಳದಿ ಮೇಲೆ ಕೆಂಪು ಅಕ್ಷರ, ದೂರದಿಂದಲೂ ಕಾಣುತ್ತದೆ. ಕುಮಾರ ಓದಿ ಒಳಗೆ ಹೋದ. ಮುಖ ಬಿಳಿಚಿದಂತೆ ನನಗೆ ಕಂಡಿತು.

7 ಏಪ್ರಿಲ್, ಸೋಮವಾರ

ಅಬ್ಬ, ಏನು ಮಹಿಮೆ! ಮೂರು ದಿನದಲ್ಲಿ ಗೇಟಿನ ಒಳಗೆ ಒಂದು ಸಣ್ಣ ಸಂತೆಯೇ ಆಗಿದೆ. ಡೊಂಕು ಮೊಳೆಗಳ ಒಂದು ಡಬ್ಬಿ, ಅರ್ಧ ಬಕೆಟ್ಟು ಜಲ್ಲಿ, ಎಂಟು ಖಾಲಿ ಸಿಮೆಂಟು ಚೀಲ, ಒಂದು ಕರಣೆ. ಜಟ್ಟಿಂಗಪ್ಪ ಎರಡು ಹಲಗೆ ತಂದು ಒರಗಿಸಿದ. ಅವು ಅವನ ಗಿರಾಕಿಗಳು ಕೂರುವ ಬೆಂಚಾಗಿದ್ದವು. ಇವತ್ತು ಅಲ್ಲಿ ಎಲ್ಲರೂ ನಿಂತೇ ಚಾ ಕುಡಿದರು.

ಕಂಬಿ ಮಾತ್ರ ಬಂದಿಲ್ಲ. ದೊಡ್ಡ ಕಳ್ಳನಿಗೆ ಧೈರ್ಯ ಜಾಸ್ತಿ.

10 ಏಪ್ರಿಲ್, ಗುರುವಾರ

ಕೆಲಸ ನಿಂತಿದೆ.

ಶೌಚಾಲಯದ ಗುಂಡಿ ತೋಡಿದ ಮಣ್ಣು ರಾಶಿ ಬಿದ್ದಿದೆ. ಟ್ರ್ಯಾಕ್ಟರಿನವನು ಬಂದು ಬೋರ್ಡು ನೋಡಿ ಹಾಗೇ ತಿರುಗಿಸಿಕೊಂಡು ಹೋದ. ಒಂದು ಕಡ್ಡಿ ಹೊರಗೆ ಹೋಗಬಾರದು ಎಂದ ಮೇಲೆ ಮಣ್ಣು ಹೇಗೆ ಹೋದೀತು? ಪಾತ್ರಿಯ ಬಾಯಿಂದ ಮಾತು ಊರೆಲ್ಲ ಹರಡಿದೆ, ಹೆಸರೊಂದನ್ನು ಬಿಟ್ಟು.

ಅದಕ್ಕಿಂತ ದೊಡ್ಡ ತಾಪತ್ರಯ ಸೆಂಟ್ರಿಂಗಿನದು. ಉಳಿದ ಪಿಲ್ಲರಿಗೆ ಸುತ್ತ, ತಾರಸಿಗೆ ಅಡಿಯಲ್ಲಿ ಕೊಡುವ ತಗಡು, ಕಂಬಗಳೆಲ್ಲ ತೀರ್ಥಹಳ್ಳಿಯಿಂದ ಬಾಡಿಗೆಗೆ ಬರಬೇಕು. ಅವರು ಗಾಡಿಯನ್ನು ಗೇಟಿನ ಹೊರಗೇ ನಿಲ್ಲಿಸಿದರು.

"ಒಳಗೆ ತಂದ್ರೆ ಆಮೇಲೆ ಹೊರಗೆ ತಗೊಂಡು ಹೋಗೋದು ಹೇಗ್ರಿ?" ಎಂದ ಅವರ ಮುಖ್ಯಸ್ಥ.

"ಅದು ನಿಮ್ದೇ ಮಾಲು. ದೂರು ಕಳ್ಳತನಕ್ಕೆ ಮಾತ್ರ" ಎಂದೆ.

"ಹೌದನಾ? ಯಾವ್ದು ಬಾಡಿಗೆ ಯಾವ್ದು ಸ್ವಂತ ಅಂತ ಚೌಡಮ್ಮಂಗೆ ಬಿಲ್ ತೋರ್ಸಕ್ಕಾಗುತ್ತಾ ಅಕ್ಕ? ನಂಗೆ ಎರಡು ಮಕ್ಕಳು."

ಗಾಡಿ ವಾಪಸ್ ಹೋಯಿತು.

12 ಏಪ್ರಿಲ್, ಶನಿವಾರ

ಬೋರ್ಡು ತೆಗೆದೆ. ಏನೂ ಪ್ರಯೋಜನವಾಗಲಿಲ್ಲ. ಬೋರ್ಡು ತೆಗೆದರೆ ದೂರು ಹೋಗುವುದಿಲ್ಲವಂತೆ. ದೂರು ಕೊಟ್ಟವರು ಯಾರ ಮೇಲೆ ಅನುಮಾನವಿತ್ತೋ ಅವರನ್ನು ಎದುರು ನಿಲ್ಲಿಸಿಕೊಂಡು, ಬಾಯಿಬಿಟ್ಟು ಹೇಳಿ ವಾಪಸ್ ತೆಗೆದುಕೊಳ್ಳಬೇಕು. ಮಂಗಳವಾರ ಇಲ್ಲವೇ ಶುಕ್ರವಾರ.

ನಾನು ಯಾಕೆ ತೆಗೆದುಕೊಳ್ಳಲಿ? ಕಂಬಿ ತಂದಿಡಲಿ, ಆಮೇಲೆ ನೋಡೋಣ.

ಕುಮಾರ ದಿನಾ ಬಂದು ಅರ್ಧ ಎದ್ದ ಪಿಲ್ಲರುಗಳ ನಡುವೆ ಒಬ್ಬನೇ ಓಡಾಡಿ ಹೋಗುತ್ತಾನೆ. ಸುರೇಂದ್ರ ಇವತ್ತು ಗುಂಡಿ ಇಲ್ಲದೆಯೂ ಬಂದಿದ್ದ, ಬಹಳ ಖುಷಿಯಲ್ಲಿದ್ದ. ಅವನ ಖುಷಿ ನೋಡಿ ನನಗೆ ಯಾಕೋ ಮಧ್ಯಾಹ್ನದ ಊಟ ಸೇರಲಿಲ್ಲ.

16 ಏಪ್ರಿಲ್, ಬುಧವಾರ

ಇವತ್ತು ಒಬ್ಬಾಕೆ ಮಗಳ ಯೂನಿಫಾರ್ಮ್ ತಂದಿದ್ದಳು, ಉದ್ದ ಬಿಡಿಸಲು. ಮಡಿಕೆ ಬಿಚ್ಚಿದರೆ ಒಳಗೆ ಮೂರಿಂಚು ಮಾರ್ಜಿನ್. ನಾನೇ ಬಿಟ್ಟದ್ದು, ಎರಡು ವರ್ಷದ ಹಿಂದೆ. ಆಗ ಇದೇ ತಾಯಿ, ನಾನು ಎರಡೂವರೆ ಮೀಟರ್ ಕೊಟ್ಟಿದ್ದೆ, ಬಟ್ಟೆ ಎಲ್ಲಿ ಹೋಯ್ತು ಎಂದು ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಜಗಳ ತೆಗೆದಿದ್ದಳು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎನ್ನುವ ಜನ ದರ್ಜಿಯನ್ನು ಬಿಡುತ್ತಾರೆಯೇ. ಬಟ್ಟೆ ಒಳಗೇ ಇತ್ತು. ಹೊರಗಿನಿಂದ ಅಳೆದರೆ ಕಾಣುವುದಿಲ್ಲ ಅಷ್ಟೆ.

ಕತ್ತರಿ ಕೈಯಲ್ಲೇ ಇತ್ತು. ಎದ್ದು ಕಣಕ್ಕೆ ಹೋದೆ.

ಕಾಂಕ್ರೀಟು ಬೀಳದ ಪಿಲ್ಲರುಗಳಲ್ಲಿ ಕಂಬಿ ಬರಿಮೈಯಲ್ಲಿ ನಿಂತಿದ್ದವು. ಕೂತು ನೋಡಿದೆ. ಅಡಿಯಿಂದ ಬಂದ ಕಂಬಿಯೂ ಮೇಲಿನ ಕಂಬಿಯೂ ತುದಿಗೆ ತುದಿ ಸೇರಿಲ್ಲ. ಎರಡಡಿ ಒಂದರ ಪಕ್ಕ ಒಂದು ಮಲಗಿಸಿ ತಂತಿಯಲ್ಲಿ ಕಟ್ಟಿದ್ದಾರೆ. ಬುಡದಲ್ಲಿ ಒಂದಡಿ ಮಣಿಸಿ ಪಾಯದೊಳಗೆ ಹುಗಿದದ್ದೂ ನೆನಪಾಯಿತು, ಪಾಯ ತುಂಬುವಾಗ ನಾನೇ ನೋಡಿದ್ದೆ. ಒಂದು ಕಂಬಿಗೆ ಮೂರಡಿ. ಹದಿನಾಲ್ಕು ಪಿಲ್ಲರು, ಆರಾರು ಕಂಬಿ. ಅಲ್ಲೇ ನೆಲದ ಮೇಲೆ ಸುಣ್ಣದಲ್ಲಿ ಗುಣಿಸಿದೆ.

ಆರು ಕಂಬಿ, ಮೇಲೆ ಸ್ವಲ್ಪ.

17 ಏಪ್ರಿಲ್, ಗುರುವಾರ

ಹೊಲಿಗೆ ಮಾತ್ರ.

19 ಏಪ್ರಿಲ್, ಶನಿವಾರ

ನಿನ್ನೆ ಶುಕ್ರವಾರ. ಹೋಗಬಹುದಿತ್ತು. ಹೋಗಲಿಲ್ಲ. ಕುಮಾರನ ಎದುರು ಆ ಮಾತು ಹೇಳುವುದನ್ನು ನೆನೆಸಿಕೊಂಡರೆ ಮೆಟ್ಟಿದ ಚಪ್ಪಲಿ ಮತ್ತೆ ಬಿಚ್ಚುತ್ತೇನೆ. ಐವತ್ತರ ಹತ್ತಿರ ಬಂದವಳು, ನಾಚಿಕೆಯಾಗುತ್ತದೆ, ಬೇರೆ ಏನೂ ಅಲ್ಲ.

ಶರಾವತಿ ಬಂದಿದ್ದಳು. ಅವಳಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. "ಕುಮಾರ ಕೈಯಲ್ಲಿದ್ದ ಬೇರೆ ಎರಡು ಮನೆ ಕೆಲಸ ಬಿಟ್ಟು ಇದಕ್ಕೆ ಬಂದಿದ್ದು ಅಕ್ಕ. ಈ ಜಾಗ ವಾಪಸ್ ಹೋದ್ರೆ ಬ್ಯಾಂಕಿನೋರು ಇನ್ಯಾವ ಸಣ್ಣ ಮೇಸ್ತ್ರಿಗೂ ಕೊಡಲ್ಲ. ನೋಡಿ, ಆಗ್ಲಿಲ್ಲ ಅಂತಾರೆ" ಎಂದಳು. ಆಮೇಲೆ ಎದ್ದು ಬಸ್ಸಿಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

22 ಏಪ್ರಿಲ್, ಮಂಗಳವಾರ

ಬೆಳಿಗ್ಗೆ ಕುಮಾರನಿಗೆ ಫೋನು ಮಾಡಿ ಚೌಡಿಬನಕ್ಕೆ ಬಾ ಎಂದೆ. ಯಾಕೆ ಎಂದು ಕೇಳಲಿಲ್ಲ. ನಾನು ಹೋಗುವಷ್ಟರಲ್ಲಿ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ.

ಪಾತ್ರಿ ಅವನನ್ನು ಕಲ್ಲಿನ ಆಚೆ, ನನ್ನನ್ನು ಈಚೆ ನಿಲ್ಲಿಸಿದರು. ಹೇಳು ಎಂದರು. ಹೇಳಿದೆ.

"ಈ ಕುಮಾರ ಆರು ಕಂಬಿ ಕದ್ದಿದ್ದಾನೆ ಅಂತ ದೂರು ಕೊಟ್ಟಿದ್ದೆ ತಾಯಿ. ಕದ್ದಿಲ್ಲ. ಕಂಬಿ ಕಟ್ಟಡದೊಳಗೇ ಉಂಟು. ನನ್ನ ಅಳತೆ ತಪ್ಪು. ದೂರು ವಾಪಸ್ ತಗೊಳ್ತಿದ್ದೇನೆ."

ತಲೆ ಎತ್ತಲಿಲ್ಲ. ಅವನ ಚಪ್ಪಲಿಯಿಲ್ಲದ ಪಾದ ಕಾಣುತ್ತಿತ್ತು, ಉಗುರಿನ ಸುತ್ತ ಸಿಮೆಂಟು ಹಿಡಿದಿತ್ತು.

ಪಾತ್ರಿ ಅವನ ಕಡೆ ತಿರುಗಿ, "ನಿನ್ನ ಮನಸ್ಸಲ್ಲಿ ಇವ್ರ ಮೇಲೆ ಏನಾದ್ರೂ ಇದ್ರೆ ನೀನೂ ಹೇಳ್ಬೇಕು. ಒಂದೇ ಕಡೆ ತೆಗೆದ್ರೆ ಆಗಲ್ಲ" ಎಂದರು.

ಕುಮಾರ ಕಲ್ಲಿನ ಕಡೆ ಕೈಮುಗಿದ. "ನಂಗೂ ಅನುಮಾನ ಇತ್ತು. ಇವರು ಶಿವಮೊಗ್ಗದ ಪಾರ್ಟಿ ಕಡೆಯೋರು ಅಂತ. ಆ ಸುರೇಂದ್ರ ದಿನಾ ಇವರ ಹತ್ರ ಕೂರ್ತಿದ್ದ. ಬೋರ್ಡು ಕಟ್ಟಿದ್ದೂ ಕೆಲ್ಸ ನಿಲ್ಲಿಸೋಕೇ ಅಂದ್ಕೊಂಡೆ. ಇವರು ಸಹಿ ಹಾಕದೆ ಇದ್ದಾಗಿಂದ್ಲೇ ಅನುಮಾನ. ಕೀಲಿ ಕೊಡೋಕೆ ನಾನು ಒಪ್ಪಿದ್ದೂ ಅದಕ್ಕೇ, ಕಣ್ಣೆದುರಿಗೆ ಇರ್ಲಿ ಅಂತ" ಎಂದ.

ನನಗೆ ಎಲ್ಲಿತ್ತೋ ಸಿಟ್ಟು! ನನ್ನ ಮೇಲೆ ಅನುಮಾನವೇ? ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಕೂತವಳ ಮೇಲೆ? ಬಾಯಿಗೆ ಬಂದದ್ದನ್ನು ಅಂದೆ. ಪಾತ್ರಿ ನಗು ತಡೆಯಲಾಗದೆ ಕುಂಕುಮದ ತಟ್ಟೆ ಹುಡುಕುವ ನೆಪದಲ್ಲಿ ಹಿಂದೆ ತಿರುಗಿದರು. ಕುಮಾರ ಮಾತ್ರ ಕೈಕಟ್ಟಿ ನಿಂತು ಎಲ್ಲ ಬೈಗುಳ ಕೇಳಿಸಿಕೊಂಡು, "ನಾನೂ ವಾಪಸ್ ತಗೊಂಡೆ ಅಕ್ಕ" ಎಂದ.

ಅವನ ಬೈಕಿನಲ್ಲೇ ಬಂದೆ. ಬಸ್ಸಿಗೆ ಹೊತ್ತಾಗುತ್ತಿತ್ತು, ಅದಕ್ಕೆ.

ಮಧ್ಯಾಹ್ನ ಟ್ರ್ಯಾಕ್ಟರು ಬಂದು ಮಣ್ಣು ಸಾಗಿಸಿತು. ಜಟ್ಟಿಂಗಪ್ಪ ಹಲಗೆ ತೆಗೆದುಕೊಂಡು ಹೋಗಲಾ ಎಂದು ಕೇಳಿದ. ಕೇಳಿದ್ದಕ್ಕೇ ಕೊಟ್ಟೆ. ದೂರು ಕೊಟ್ಟ ದಿನದಿಂದ ಲೆಕ್ಕ ಹಿಡಿದರೆ ಹದಿನೆಂಟು ದಿನ ಹಾಳಾಯಿತು.

23 ಮೇ, ಶುಕ್ರವಾರ

ಒಂದು ತಿಂಗಳಿಂದ ಬರೆಯಲು ಪುರುಸೊತ್ತಿಲ್ಲ. ಸೆಂಟ್ರಿಂಗಿನವರು ಕಡೆಗೂ ಬಂದರು, ಆದರೆ ಅಷ್ಟರಲ್ಲಿ ಒಂದಷ್ಟು ತಗಡು ಮೇಗರವಳ್ಳಿಯ ಯಾವುದೋ ಮನೆಗೆ ಹೋಗಿಬಿಟ್ಟಿತ್ತು. ಇದ್ದಷ್ಟರಲ್ಲೇ ಕೆಲಸ. ಬೆಳಿಗ್ಗೆ ಆರಕ್ಕೆ ಕೀಲಿ ತೆಗೆದು ಸಂಜೆಯವರೆಗೆ ಅಲ್ಲೇ. ತಾರಸಿಯ ಕಂಬಿ ಕಟ್ಟುವಾಗ ಲ್ಯಾಪ್, ಅಂದರೆ ಒಂದರ ಪಕ್ಕ ಒಂದು ಮಲಗಿಸುವ ಉದ್ದ, ಕಡಿಮೆ ಬಿಟ್ಟ ಒಂದು ಕಡೆ ನಾನೇ ಬಿಚ್ಚಿಸಿದೆ. ನಮ್ಮ ಕಟ್ಟಡದಲ್ಲಿ ಅಂಥ ಮುಕ್ಕಾಲು ಕೆಲಸ ಬೇಡ ಎಂದೆ.

ನಿನ್ನೆ ತಾರಸಿಯ ಮೋಲ್ಡ್. ಬೆಳಿಗ್ಗೆ ಏಳಕ್ಕೆ ಕಾಂಕ್ರೀಟು ಕಲಸುವ ಮಿಷನ್ ತಿರುಗಲು ಶುರುವಾಯಿತು. ಎಲ್ಲರಿಗೂ ಜಟ್ಟಿಂಗಪ್ಪನ ಚಾ, ಕನ್ನಮ್ಮನ ಮನೆಯ ಅವಲಕ್ಕಿ. ಐದು ಅಂಗಡಿಯ ಮೇಲೆ ಕಾಂಕ್ರೀಟು ಬಿತ್ತು. ಆರನೆಯದಕ್ಕೆ ತಗಡಿಲ್ಲ. ಐದರ ಗಡಿಯಲ್ಲಿ ಹಲಗೆ ಅಡ್ಡ ಕೊಟ್ಟು ನಿಲ್ಲಿಸಿದರು.

ಇವತ್ತು ಮಳೆ ಹಿಡಿಯಿತು. ಈ ವರ್ಷ ಮಳೆಗೂ ಯಾರೋ ಸುದ್ದಿ ಮುಟ್ಟಿಸಿದ್ದಾರೆ, ಎಂದೂ ಇಲ್ಲದಷ್ಟು ಬೇಗ ಬಂದಿದೆ. ವಾಸಪ್ಪನವರು ಕೊಡೆ ಹಿಡಿದು ಬಂದು ಸುತ್ತು ಹಾಕಿ ನೋಡಿದರು. ಶರಾವತಿ ಕಾಗದ ಹಿಡಿದು ವಾದಿಸಿದಳು, ನಾನೂ ಬಾಯಿ ಹಾಕಿದೆ. ಕೊನೆಗೆ, "ಐದು ಬಿತ್ತಲ್ಲ, ಆಯ್ತು. ಮಾತು ಮಾತೇ" ಎಂದರು. ಜಾಗ ಉಳಿಯಿತು. ಅವರು ಅಷ್ಟು ಸುಲಭಕ್ಕೆ ಯಾಕೆ ಒಪ್ಪಿದರು ಎಂದು ಯೋಚಿಸಲು ಹೊರಟೆ, ಆದರೆ ಬಹಳ ನಿದ್ದೆ ಬರುತ್ತಿದೆ.

26 ಮೇ, ಸೋಮವಾರ

ಉಳಿದ ಅಂಗಡಿಯ ತಾರಸಿ ಇನ್ನು ನವೆಂಬರಿಗೆ. ಅಲ್ಲಿಯವರೆಗೆ ಆರನೆಯ ಚೀಟಿಯ ಕನ್ನಮ್ಮ ಜಗಲಿಯಲ್ಲೇ. "ಇಷ್ಟ್ ವರ್ಷ ಕೂತಿಲ್ವಾ, ಇನ್ನೊಂದ್ ಮಳೆಗಾಲ" ಎಂದು ನೆನೆದ ಸೇವಂತಿಗೆಯನ್ನು ಕೊಡವಿದಳು. ಆ ಜಗಲಿಯ ಹೆಂಚು ಹೇಗೆ ಸೋರುತ್ತದೆಂದು ನನಗೆ ಗೊತ್ತು. ಹದಿನೆಂಟು ದಿನ ಎಲ್ಲಿ ಹೋಯಿತು ಎಂದು ಅವಳು ಕೇಳಲಿಲ್ಲ. ಅವಳಿಗೂ ಗೊತ್ತು.

ಚೀಟಿ ಬದಲಾಯಿಸಿಕೊಂಡೆವು. ಮೂರನೆಯದು ಅವಳಿಗೆ, ಆರನೆಯದು ನನಗೆ. ಅವಳು ಬೇಡ ಬೇಡ ಎಂದಳು, ನಾನು ಗದರಿಸಿದೆ. ಇದನ್ನು ದೊಡ್ಡ ತ್ಯಾಗ ಎಂದು ಶರಾವತಿ ಮುಖ ಮಾಡಿದಾಗ ಸಿಟ್ಟು ಬಂತು. ಹೂವು ಕೊಳೆಯುತ್ತದೆ, ಮಿಷನ್ನಿಗೆ ಪ್ಲಾಸ್ಟಿಕ್ ಹೊದಿಸಿದರೆ ಆಯಿತು, ಇಷ್ಟೇ ಲೆಕ್ಕ. ಅಲ್ಲದೆ ಆರನೆಯದು ಮೂಲೆಯ ಅಂಗಡಿ, ಸಾಗರದ ಬಸ್ಸೂ ಕಾಣುತ್ತದೆ, ತೀರ್ಥಹಳ್ಳಿಯ ಬಸ್ಸೂ ಕಾಣುತ್ತದೆ. ಅದನ್ನು ಕುಮಾರ ತನಗೇ ಇಟ್ಟುಕೊಳ್ಳಬೇಕೆಂದಿದ್ದನೋ ಏನೋ.

ಕುಮಾರ ಬಂದು ಅಲ್ಲಿ ಮೇಲೆದ್ದು ನಿಂತ ಕಂಬಿಗಳಿಗೆ ತುಕ್ಕು ಹಿಡಿಯದಂತೆ ಸಿಮೆಂಟು ಹಾಲು ಬಳಿದ. ಎರಡು ಬಿಟ್ಟಿದ್ದ. ತೋರಿಸಿದೆ, ಬಳಿದ.

18 ಜೂನ್, ಬುಧವಾರ

ಐದು ಅಂಗಡಿಗೂ ಷಟರ್ ಬಂತು. ಮುಂದಿನ ಜಗಲಿಯಲ್ಲಿ ಜನ ಕೂತು ಬಸ್ಸು ಕಾಯುತ್ತಾರೆ. ಕನ್ನಮ್ಮನ ಹೂವು ಸಂಜೆಯವರೆಗೂ ಬಾಡುವುದಿಲ್ಲ.

ನಾನು ಗಿರಣಿಯ ಜಗಲಿಯಲ್ಲಿ ಒಬ್ಬಳೇ. ಮಧ್ಯಾಹ್ನ ಸುರೇಂದ್ರ ಕೊಡೆ ಮಡಚಿ ಬಂದು ಪಕ್ಕದಲ್ಲಿ ಕೂತ. ಗುಂಡಿ, ಶರಟು ಏನೂ ಇರಲಿಲ್ಲ.

"ನೋಡಿದ್ರಾ ಅಕ್ಕ, ನಾನು ಹೇಳಿರ್ಲಿಲ್ವಾ? ಐದು ಜನಕ್ಕೆ ಅಂಗಡಿ, ನಿಮ್ಮೊಬ್ಬರನ್ನ ಮಳೇಲಿ ಕೂರ್ಸಿದ್ರು. ಉಸ್ತುವಾರಿ ಮಾಡಿದ್ದು ನೀವು. ಒಂದು ಅರ್ಜಿ ಬರೆದುಕೊಡಿ, ಮೇಲಿನ ಕೆಲ್ಸ ನಿಲ್ಲಿಸೋದು ನಮಗೆ ಬಿಡಿ."

"ಯಾರೂ ಕೂರ್ಸಿದ್ದಲ್ಲ. ನನ್ನಿಂದ ಕೆಲ್ಸ ತಡ ಆಯ್ತು. ಅದಕ್ಕೆ ಕನ್ನಮ್ಮಂಗೆ ನಾನೇ ಬಿಟ್ಕೊಟ್ಟೆ" ಎಂದೆ.

ಅವನು ಕೊಡೆಯ ನೀರು ಕೊಡವಿದ. ಆಮೇಲೆ ನಗುತ್ತಾ ಹತ್ತಿರ ಬಾಗಿ, "ಹೋಗ್ಲಿ ಬಿಡಿ. ಬಾಯಿ ಮುಚ್ಚೋಕೆ ಏನು ಕೊಟ್ರು ಅಂತ ನನಗಾದ್ರೂ ಹೇಳಿ" ಎಂದ.

ನನ್ನಿಂದ ತಡವಾಯಿತು ಎಂದೆನಲ್ಲ, ಇಷ್ಟು ತಿಂಗಳಲ್ಲಿ ಅವನಿಗೆ ನಾನು ಹೇಳಿದ ಒಂದೇ ಒಂದು ಪೂರಾ ನಿಜ ಅದು. ಕೈಯಲ್ಲಿದ್ದ ಕತ್ತರಿ ಎತ್ತಿ ಎದ್ದು ಹೋಗು ಎನ್ನಬೇಕೆಂದುಕೊಂಡೆ. ಆದರೆ ಅವನ ಕಣ್ಣಲ್ಲಿ ಕುಹಕವಿರಲಿಲ್ಲ. ಅವನು ನಿಜವಾಗಿಯೂ ನಂಬಿರಲಿಲ್ಲ. ಜನವರಿಯಲ್ಲಿ ನನ್ನ ಮುಂದೆ ಕೂತು ಯಾರಾದರೂ ಹೀಗೆ ಹೇಳಿದ್ದರೆ ನಾನೂ ಇದನ್ನೇ ಕೇಳುತ್ತಿದ್ದೆ.